ಒಂದು ಚೊಂಬು ನೀರಿನ ತಕರಾರು

‘ನಾನೊಬ್ಬ ಎಸಿ ಆಫ್ ಮಾಡಿದರೆ ಭೂಮಿ ತಣ್ಣಗಾಗಿಬಿಡುತ್ತಾ?’ ಮೇ ತಿಂಗಳಲ್ಲಿ ಚೆನ್ನೈನ ಟಿ. ನಗರದಲ್ಲಿ ಈ ಮಾತನ್ನು ಲಿಫ್ಟಿನಲ್ಲಿ, ಹಾಲಿನ ಬೂತಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿ ಕೇಳಿ ರೇಗಿಹೋಗಿದೆ. ಉತ್ತರ ಬೇಕೆಂದು ಯಾರೂ ಕೇಳುವುದಿಲ್ಲ. ಕೇಳಿದ ಕೂಡಲೇ ಚರ್ಚೆ ಮುಗಿಯಿತೆಂದು ಭಾವನೆ. ನನ್ನನ್ನು ಹೆಚ್ಚು ರೇಗಿಸುವುದು ಲೆಕ್ಕದ ಮಟ್ಟಿಗೆ ಆ ಮಾತು ಸರಿ ಎಂಬುದು. ಸುಳ್ಳಾಗಿದ್ದರೆ ತಳ್ಳಿಹಾಕಿ ನೆಮ್ಮದಿಯಾಗಿರಬಹುದಿತ್ತು.

ಸಿದ್ಧ ಉತ್ತರಗಳು ಬೇಕಾದಷ್ಟಿವೆ. ಪಂಚಭೂತ, ಭೂತಾಯಿ, ನಮ್ಮ ಹಿರಿಯರು ಮರಕ್ಕೆ ಕೈಮುಗಿಯುತ್ತಿದ್ದರು ಎಂಬಂಥವು ಜೂನ್ 5ರ ಪರಿಸರ ದಿನದ ಭಾಷಣಕ್ಕೆ ಒದಗುತ್ತವೆ, 6ನೇ ತಾರೀಖಿನವರೆಗೆ ಬಾಳುವುದಿಲ್ಲ. ‘ಎಲ್ಲರೂ ಹೀಗೇ ಮಾಡಿದರೆ?’ ಎಂಬ ತತ್ವಜ್ಞಾನಿ ಕಾಂಟನ ದಾರಿಯೂ ಇದೆ. ‘ಎಲ್ಲರೂ ಮಾಡುವುದಿಲ್ಲವಲ್ಲ’ ಎಂದರೆ ಅದೂ ಅಲ್ಲೇ ನಿಲ್ಲುತ್ತದೆ. (ಕಾಂಟ್ ಪಂಡಿತರು ಮನ್ನಿಸಬೇಕು, ಅವರ ಸಮಾಧಾನ ಉದ್ದವಿದೆ, ನನಗೆ ತಾಳ್ಮೆ ಕಡಿಮೆ.)

ಗಟ್ಟಿ ಎದುರಾಳಿಯನ್ನು ಒದಗಿಸಿದ್ದು ತಂಗಿಯ ಮಗ. ‘ಮಾವ, ನಿಮ್ಮ ಲಿಫ್ಟಿನವರ ವಾದವನ್ನು ದೊಡ್ಡ ಫಿಲಾಸಫರೇ ಮಾಡಿದ್ದಾರೆ, ಓದಿ ನೋಡಿ’ ಎಂದು ಕಳಿಸಿದ. ಅಮೆರಿಕದ ವಾಲ್ಟರ್ ಸಿನೊಟ್-ಆರ್ಮ್‌ಸ್ಟ್ರಾಂಗ್ 2005ರಲ್ಲಿ ಪ್ರಕಟಿಸಿದ ಪ್ರಬಂಧ. ‘ಇದು ನನ್ನ ತಪ್ಪಲ್ಲ’ ಎಂದು ಶೀರ್ಷಿಕೆಯಲ್ಲೇ ಇದೆ. ಆತ ತಾಪಮಾನ ಏರಿಕೆಯನ್ನು ಅಲ್ಲಗಳೆಯುವವನಲ್ಲ. ಅದು ನಿಜ, ಅಪಾಯಕಾರಿ, ಸರ್ಕಾರಗಳು ತಡೆಯಲೇಬೇಕು ಎನ್ನುತ್ತಾನೆ. ಆಮೇಲೆ ಕೇಳುತ್ತಾನೆ: ಬಿಸಿಲು ಚೆನ್ನಾಗಿರುವ ಭಾನುವಾರ, ಪೆಟ್ರೋಲ್ ಕುಡಿಯುವ ಕಾರನ್ನು ಬರೀ ಮಜಕ್ಕೆ ಓಡಿಸಿದರೆ ನಾನು ಮಾಡಿದ ತಪ್ಪೇನು? ನೈತಿಕತೆಯ ಒಂದೊಂದೇ ಸೂತ್ರವನ್ನು ಕೈಗೆತ್ತಿಕೊಂಡು, ಇದರಿಂದಲೂ ಸಾಬೀತಾಗದು, ಅದರಿಂದಲೂ ಆಗದು ಎಂದು ಪಕ್ಕಕ್ಕಿಡುತ್ತಾ ಹೋಗುತ್ತಾನೆ. ಅವನದೊಂದು ಉದಾಹರಣೆ: ಭಾರಿ ಮಳೆಯಾಗಿ ನದಿ ಇನ್ನೇನು ಉಕ್ಕಲಿದೆ, ನಾನು ಮೇಲ್ಗಡೆ ಒಂದು ಚೊಂಬು ನೀರು ಸುರಿದೆ. ಕೆಳಗಿನ ಊರು ಮುಳುಗಿದ್ದು ನನ್ನಿಂದಲೇ? ಅಲ್ಲವೇ ಅಲ್ಲ. ಕಾನೂನು ಬದಲಿಸಲು ದುಡಿಯುವುದು ನನ್ನ ಕರ್ತವ್ಯ. ಅದನ್ನು ಮಾಡುತ್ತಲೇ ಭಾನುವಾರದ ಕಾರನ್ನೂ ಅನುಭವಿಸಬಹುದು.

ನೆರೆಯ ಉದಾಹರಣೆಯನ್ನು ಟಿ. ನಗರದವರ ಮುಂದೆ ಇಡುವಾಗ ಸ್ವಲ್ಪ ಎಚ್ಚರ ಬೇಕು. 2021ರ ನವೆಂಬರ್ 7ರ ಬೆಳಗಿನ ಹೊತ್ತಿಗೆ ನುಂಗಂಬಾಕ್ಕಂನಲ್ಲಿ 20 ಸೆಂಟಿಮೀಟರಿಗೂ ಹೆಚ್ಚು ಮಳೆ ಬಿದ್ದಿತ್ತು. ವಳ್ಳುವರ್ ಕೋಟ್ಟಂ ಕಡೆಯಿಂದ ಅಡ್ಯಾರ್ ನದಿಗೆ ಹೋಗುವ ಮಾಂಬಲಂ ಕಾಲುವೆಯಲ್ಲಿ ಕಾಮಗಾರಿಯ ಕಲ್ಲುಮಣ್ಣು ತುಂಬಿದೆ ಎಂಬ ದೂರು ಜೋರಾಗಿತ್ತು. ನಮ್ಮ ಅಡ್ಡರಸ್ತೆಯಲ್ಲಿ ಅಪಾರ್ಟ್‌ಮೆಂಟಿಗೊಂದು ಪಂಪು ಇಳಿಯಿತು. ಬೇಸ್‌ಮೆಂಟಿನ ನೀರನ್ನು ನೀಲಿ ಹೋಸ್‌ಪೈಪಿನಲ್ಲಿ ಎಲ್ಲರೂ ರಸ್ತೆಗೆ ಬಿಟ್ಟರು. ರಸ್ತೆಯ ಕೊನೆಯಲ್ಲಿ ಹಳೆಯ ಹೆಂಚಿನ ಮನೆಯೊಂದಿತ್ತು, ಬಾಗಿಲು ರಸ್ತೆಗಿಂತ ಮೂರು ಮೆಟ್ಟಿಲು ಕೆಳಗೆ. ಆ ಮನೆಯ ಅಜ್ಜಿ ಒದ್ದೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ಅಡುಗೆಮನೆಯಿಂದ ಚೊಂಬಿನಲ್ಲೇ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದರು. ಪ್ರತಿ ಪಂಪಿನವರೂ ಸಿನೊಟ್-ಆರ್ಮ್‌ಸ್ಟ್ರಾಂಗನ ಮಾತನ್ನೇ ಆಡಬಹುದಿತ್ತು: ಇಷ್ಟು ಮಳೆಗೆ ಆ ಮನೆ ಹೇಗೂ ಮುಳುಗುತ್ತಿತ್ತು. ಆದರೆ ಅಜ್ಜಿಯ ಎದುರು ನಿಂತು ಆಡುವ ಧೈರ್ಯ ಯಾರಿಗಿತ್ತು?

ಇದನ್ನು ಬರೆದು ತಂಗಿಯ ಮಗನಿಗೆ ಕಳಿಸಿದೆ. ‘ಅದು ಬೇರೆ ಕೇಸು ಮಾವ’ ಎಂದ. ನಿಮ್ಮ ಪಂಪಿನ ನೀರು ಯಾರ ಮನೆಗೆ ಹೋಯಿತೆಂದು ತೋರಿಸಬಹುದು. ಕಾರಿನ ಹೊಗೆ ಇಡೀ ವಾತಾವರಣದಲ್ಲಿ ಬೆರೆತು ಹೋಗುತ್ತದೆ, ಅದರ ರಸ್ತೆಗೆ ಕೊನೆಯ ಮನೆಯೇ ಇಲ್ಲ ಎಂದು ಅವನ ವಾದ. ಹುಡುಗ ಹೇಳಿದ್ದು ಸರಿ. ಇಲ್ಲಿ ನಾನು ಒಂದು ಹೆಜ್ಜೆ ಹಿಂದೆ ಸರಿಯಬೇಕು.

ಇನ್ನೊಂದು ಹೆಜ್ಜೆಯನ್ನು ನನ್ನ ಬಡಾವಣೆಯೇ ಹಿಂದಕ್ಕೆ ಇಡಿಸುತ್ತದೆ. ಟಿ. ನಗರ ಇರುವುದೇ ಕೆರೆಯಂಗಳದಲ್ಲಿ. ನುಂಗಂಬಾಕ್ಕಂನಿಂದ ಸೈದಾಪೇಟೆಯ ಕಡೆಗೆ ಮೌಂಟ್ ರೋಡಿನ ಪಶ್ಚಿಮಕ್ಕೆ ಚಾಚಿಕೊಂಡಿದ್ದ ಉದ್ದನೆಯ ಕೆರೆಯಲ್ಲಿ ಬ್ರಿಟಿಷರು ದೋಣಿ ಪಂದ್ಯ ಆಡುತ್ತಿದ್ದರು. 1920ರ ದಶಕದಲ್ಲಿ, ಜಸ್ಟಿಸ್ ಪಾರ್ಟಿಯ ಆಡಳಿತದಲ್ಲಿ, ಅದನ್ನು ಬತ್ತಿಸಿ ಬಡಾವಣೆ ಮಾಡಿದರು. ತ್ಯಾಗರಾಯ ಚೆಟ್ಟಿ, ಪಾನಗಲ್ ರಾಜ, ಉಸ್ಮಾನ್, ನಟೇಶನ್ ಹೀಗೆ ಆ ಪಕ್ಷದ ಮುಖಂಡರೆಲ್ಲ ಇಲ್ಲಿ ರಸ್ತೆಯೋ ಪಾರ್ಕೋ ಆಗಿ ಉಳಿದಿದ್ದಾರೆ. ಕೆರೆಗೆ ಪಶ್ಚಿಮ ಮಾಂಬಲಂನಲ್ಲಿ ಲೇಕ್ ವ್ಯೂ ರೋಡ್ ಎಂಬ ಒಂದು ಹೆಸರು ದಕ್ಕಿತು. ಅಲ್ಲಿ ನಿಂತರೆ ಕಾಣುವುದು ಸ್ಕೂಟರುಗಳು. ಆ ಕೆರೆ ಯಾರೊಬ್ಬರ ಚೊಂಬಿನಿಂದ ಖಾಲಿಯಾಗಲಿಲ್ಲ, ಸರ್ಕಾರಿ ಆದೇಶದಿಂದ ಖಾಲಿಯಾಯಿತು. ಉಡುಪಿಯ ಕಡೆಯಿಂದ ಹೋಟೆಲ್ ಕೆಲಸಕ್ಕೆ ಬಂದ ನನ್ನ ತಂದೆ ಇಲ್ಲಿ ಮನೆ ಹುಡುಕುವ ಹೊತ್ತಿಗೆ ಎಲ್ಲ ಮುಗಿದುಹೋಗಿತ್ತು. ದೊಡ್ಡ ಹಾನಿ ಮಾಡುವುದೂ ಸರಿಪಡಿಸುವುದೂ ಸರ್ಕಾರದ ಕೈಯಲ್ಲಿದೆ ಎನ್ನುವವನಿಗೆ ನನ್ನ ವಿಳಾಸವೇ ಸಾಕ್ಷಿ.

2003ರಲ್ಲಿ ತಮಿಳುನಾಡು ಸರ್ಕಾರ ಪ್ರತಿ ಕಟ್ಟಡಕ್ಕೂ ಮಳೆನೀರು ಕೊಯ್ಲು ಕಡ್ಡಾಯ ಮಾಡಿತು. ಅಲ್ಲಿಯವರೆಗೆ ‘ನಾನೊಬ್ಬ ಇಂಗುಗುಂಡಿ ತೋಡಿದರೆ ಏನಾದೀತು’ ಎನ್ನುತ್ತಿದ್ದವರೆಲ್ಲ ಗಡುವಿನೊಳಗೆ ತೋಡಿಸಿದರು. ಮತ್ತೆ ಸಿನೊಟ್-ಆರ್ಮ್‌ಸ್ಟ್ರಾಂಗನಿಗೇ ಅಂಕ. ಆದರೆ ನಮ್ಮ ಕಟ್ಟಡದ ಗುಂಡಿಯ ಜಲ್ಲಿಕಲ್ಲಿನ ಮೇಲೆ ಇಂದು ಒಂದು ಗೇಣು ಕೆಸರು ಕೂತಿದೆ. ಅದನ್ನು ಮಳೆಗಾಲಕ್ಕೆ ಮುಂಚೆ ಎತ್ತಿಸಬೇಕಾದವರು ನಾವೇ. 2019ರ ಬೇಸಿಗೆಯಲ್ಲಿ ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ನಾಲ್ಕೂ ಜಲಾಶಯಗಳು ಬತ್ತಿ, ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ಬಂದಾಗ ಗುಂಡಿಯ ನೆನಪಾಯಿತು. ಮಳೆ ಬಂದ ಮೇಲೆ ಮರೆತುಹೋಯಿತು.

ಇಷ್ಟರ ಮೇಲೆ ಎಸಿಯ ವಿಷಯಕ್ಕೆ ಬರುತ್ತೇನೆ. ಒಂದೂವರೆ ಟನ್ನಿನ ಎಸಿ ಪೂರ್ತಿ ಓಡುವಾಗ ಕೋಣೆಯಿಂದ 5 ಕಿಲೋವಾಟಿಗೂ ಹೆಚ್ಚು ಶಾಖವನ್ನು ಹೊರಗೆ ದಬ್ಬುತ್ತದೆ. ತಾನು ತಿಂದ ಕರೆಂಟಿನ ಶಾಖವೂ ಅದರ ಜೊತೆ ಸೇರುತ್ತದೆ. ಇಂಗಾಲದ ಅನಿಲ ಎಲ್ಲಿ ಹೋಗುತ್ತದೋ ಕಾಣದು, ಈ ಬಿಸಿಗಾಳಿ ಮಾತ್ರ ಪಕ್ಕದ ಓಣಿಗೇ ಹೋಗುತ್ತದೆ. ಎರಡು ಕಟ್ಟಡಗಳ ನಡುವಿನ ಆ ಓಣಿಯಲ್ಲಿ ಇಸ್ತ್ರಿಯವರ ಗಾಡಿ ನಿಂತಿದೆ. ಅವರ ಮುಂದೆ ಕೆಂಡದ ಇಸ್ತ್ರಿಪೆಟ್ಟಿಗೆ, ಬೆನ್ನ ಹಿಂದೆ ನಮ್ಮೆಲ್ಲರ ಔಟ್‌ಡೋರ್ ಯೂನಿಟ್‌ಗಳು. ಅಂದರೆ ರಸ್ತೆಗೆ ಕೊನೆಯ ಮನೆ ಇದೆ. ಲಿಫ್ಟಿನವರ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ನನಗೆ ಖುಷಿಯಾಯಿತು: ಭೂಮಿ ತಣ್ಣಗಾಗದಿದ್ದರೂ ಈ ಮನುಷ್ಯನ ಬೆನ್ನು ತಣ್ಣಗಾದೀತು. ಭೂಮಿಯ ಹೆಸರು ಹೇಳಿ ಪಕ್ಕದವನನ್ನು ಮರೆಸುವುದೇ ಆ ಪ್ರಶ್ನೆಯ ಕಿತಾಪತಿ.

ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಮಧ್ಯಾಹ್ನ ಎಸಿ ನಿಲ್ಲಿಸಿದರೆ ನಿಮಗೆ ಅನುಕೂಲವೇ ಎಂದು ಅವರನ್ನೇ ಕೇಳಿದೆ. ಅವರು ಎಸಿಯ ಪೈಪಿನಿಂದ ತೊಟ್ಟಿಕ್ಕುವ ನೀರಿಗೆ ಒಡ್ಡಿದ್ದ ಪ್ಲಾಸ್ಟಿಕ್ ಬಕೆಟ್ ತೋರಿಸಿದರು. ಬಟ್ಟೆಗೆ ಚಿಮುಕಿಸುವುದು ಆ ನೀರನ್ನೇ. ‘ನಿಲ್ಲಿಸಬೇಡಿ ಸಾರ್, ನೀರಿಗೆ ಎಲ್ಲಿಗೆ ಹೋಗಲಿ? ಯೂನಿಟ್‌ನ ಮುಖ ಆ ಕಡೆ ತಿರುಗಿಸಿ, ಸಾಕು’ ಎಂದರು.

ಎಸಿ ಇರುವುದು ನನ್ನ ತಾಯಿಯ ಕೋಣೆಯಲ್ಲಿ. ಎಂಬತ್ತು ದಾಟಿದ ಜೀವ. ರಾತ್ರಿಯಾದರೂ ಇಳಿಯದ ಇಲ್ಲಿನ ಸೆಖೆಯಲ್ಲಿ ಅದನ್ನು ಆರಿಸು ಎನ್ನುವ ನೀತಿ ನನಗೆ ಬೇಡ. ಸರಾಸರಿ ಭಾರತೀಯನ ಪಾಲಿಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್, ಅಮೆರಿಕದವನ ಪಾಲಿಗೆ ಸುಮಾರು 14. ಭಾನುವಾರದ ಮೋಜಿನ ಸವಾರಿಯನ್ನೂ ತಾಯಿಯ ತಂಪನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೆ ಟಿ. ನಗರದಲ್ಲಿ ಎಸಿ ಇರುವವನು ಆ ಸರಾಸರಿಯ ಹಿಂದೆ ಅಡಗುವಂತಿಲ್ಲ. ಸರಾಸರಿ ಅಷ್ಟು ಕಡಿಮೆ ಇರುವುದು ಓಣಿಯಲ್ಲಿ ನಿಂತವರಿಂದ.

ಪಕ್ಕದವನಿಗೆ ತಟ್ಟುವ ಶಾಖದ ವಿಷಯದಲ್ಲಿ ಲಿಫ್ಟಿನವರು ತಪ್ಪು. ವಿಳಾಸವಿಲ್ಲದೆ ಹೋಗುವ ಅನಿಲದ ವಿಷಯದಲ್ಲಿ ಸಿನೊಟ್-ಆರ್ಮ್‌ಸ್ಟ್ರಾಂಗನನ್ನು ಸೋಲಿಸುವ ವಾದ ನನ್ನಲ್ಲಿಲ್ಲ. ಯೂನಿಟ್‌ಗಳನ್ನೆಲ್ಲ ತಾರಸಿಗೆ ಏರಿಸೋಣ, ತೊಟ್ಟಿಕ್ಕುವ ನೀರಿಗೆ ಕೆಳಗಿನವರೆಗೆ ಒಂದು ಪೈಪು ಬಿಡೋಣ ಎಂದು ಅಪಾರ್ಟ್‌ಮೆಂಟ್ ಸಂಘದಲ್ಲಿ ಕೇಳಿದೆ. ತಾಮ್ರದ ಪೈಪಿನ ಖರ್ಚು ಕೇಳಿ ಸಭೆ ಮುಂದಿನ ವಿಷಯಕ್ಕೆ ಹೋಯಿತು. ಕಾರ್ಪೊರೇಷನ್‌ನವರು ನಿಯಮ ಮಾಡಿದರೆ ಇದೇ ಜನ ಗಡುವಿನೊಳಗೆ ಏರಿಸುತ್ತಾರೆ. ಆತ ಹೇಳಿದ್ದೂ ಅದನ್ನೇ. ನಿಯಮ ಬರುವವರೆಗೆ ನನ್ನ ಯೂನಿಟ್ ಒಂದನ್ನು ಏರಿಸಲು ಮೆಕ್ಯಾನಿಕ್‌ಗೆ ಹೇಳಿದ್ದೇನೆ. ಅದರಿಂದ ಓಣಿ ಎಷ್ಟು ತಣ್ಣಗಾದೀತು ಎಂದು ದಯವಿಟ್ಟು ಕೇಳಬೇಡಿ.