ಮದ್ಯ ಮತ್ತು ಮನಸ್ಸು

ಮದ್ಯವು ದುಃಖವನ್ನು ಮರೆಸುತ್ತದೆ ಎಂಬ ಮಾತು ಬಹಳ ಹಳೆಯದು. ಮಡದಿಯನ್ನು ಕಳೆದುಕೊಂಡವನೊಬ್ಬನು ರಾತ್ರಿ ಬಾಗಿಲು ಹಾಕಿಕೊಂಡು ಎರಡು ಗುಟುಕು ಕುಡಿದರೆ ಯಾರಿಗೆ ಹಿಂಸೆಯಾಯಿತು? ಇದನ್ನು ‘ವ್ರತಭಂಗ’ವೆಂಬ ಒಂದೇ ಮಾತಿನಿಂದ ತಳ್ಳಿಹಾಕುವುದು ಸುಲಭ, ಕೇಳಿದವನಿಗೆ ಮಾತ್ರ ಅದು ಉತ್ತರವಾಗದು.

ಆಚಾರ್ಯ ಅಮೃತಚಂದ್ರರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಮದ್ಯದೊಳಗೆ ಹುಟ್ಟುವ ಜೀವಿಗಳ ಘಾತವನ್ನು ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ಅಭಿಮಾನ, ಭಯ, ಜುಗುಪ್ಸೆ, ಹಾಸ್ಯ, ಅರತಿ, ಶೋಕ, ಕಾಮ, ಕ್ರೋಧಗಳೆಲ್ಲ ಹಿಂಸೆಯ ಪರ್ಯಾಯಗಳೇ, ಅವೆಲ್ಲವೂ ಮದ್ಯದ ಸನಿಹದಲ್ಲೇ ಇರುವವು ಎನ್ನುತ್ತಾರೆ. ಅವರ ದೃಷ್ಟಿಯಲ್ಲಿ ತನ್ನ ಆತ್ಮಪರಿಣಾಮದ ಘಾತವೇ ಹಿಂಸೆ; ಬಾಗಿಲು ಹಾಕಿದ ಮಾತ್ರಕ್ಕೆ ಅದು ತಪ್ಪದು. ಈ ಸಾಲಿನಲ್ಲಿ ಶೋಕದೊಡನೆ ಹಾಸ್ಯವೂ ಸೇರಿರುವುದು ಗಮನಾರ್ಹ. ಒಂದೇ ಪಾನೀಯವು ಒಬ್ಬನನ್ನು ನಗಿಸಿ ಮತ್ತೊಬ್ಬನನ್ನು ಅಳಿಸುವುದೆಂತು?

ಅಮೆರಿಕದ ಮನೋವಿಜ್ಞಾನಿಗಳಾದ ಕ್ಲಾಡ್ ಸ್ಟೀಲ್ ಮತ್ತು ರಾಬರ್ಟ್ ಜೋಸೆಫ್ಸ್ 1990ರಲ್ಲಿ ಇದಕ್ಕೊಂದು ವಿವರಣೆಯನ್ನು ಮುಂದಿಟ್ಟರು. ಮದ್ಯವು ಗಮನದ ವ್ಯಾಪ್ತಿಯನ್ನು ಕುಗ್ಗಿಸಿ, ಎದುರಿಗಿರುವುದನ್ನಷ್ಟೇ ಕಾಣಿಸುತ್ತದೆ. ಗೆಳೆಯರ ನಡುವೆ ಕುಳಿತವನಿಗೆ ವಿನೋದವೇ ಕಾಣುತ್ತದೆ, ಚಿಂತೆ ಮರೆಯಾಗುತ್ತದೆ. ಒಬ್ಬನೇ ಕುಳಿತವನೆದುರು ಇರುವುದು ಅವನ ದುಃಖವೊಂದೇ. ಅದು ಮರೆಯಾಗುವ ಬದಲು ಬೆಳೆಯಬಹುದು. ಮದ್ಯವು ಮನಸ್ಸನ್ನು ಮೋಹಗೊಳಿಸುತ್ತದೆಂದು ಆಚಾರ್ಯರು ಹೇಳಿದ್ದು ಇದಕ್ಕೆ ದೂರವಲ್ಲವೆಂದು ನನ್ನ ಎಣಿಕೆ.

ದೇಹದ ಲೆಕ್ಕವೂ ಹೀಗೆಯೇ. ಮದ್ಯವು ಮಿದುಳಿನ ಚಟುವಟಿಕೆಯನ್ನು ತಗ್ಗಿಸುತ್ತದೆ. ನಿತ್ಯ ಕುಡಿಯುವವನ ಮಿದುಳು ಅದಕ್ಕೆದುರಾಗಿ ತನ್ನನ್ನು ಹೆಚ್ಚು ಉದ್ರೇಕಗೊಳಿಸಿಕೊಳ್ಳುತ್ತದೆ. ಅಮಲು ಇಳಿದ ಮೇಲೂ ಉದ್ರೇಕ ಉಳಿಯುತ್ತದೆ. ನಡುರಾತ್ರಿ ಎಚ್ಚರ, ಬೆವರು, ಕಾರಣವಿಲ್ಲದ ತಳಮಳ. ಅದರ ಶಮನಕ್ಕೆ ಮತ್ತೆ ಅದೇ ಬಾಟಲಿ.

ಇಲ್ಲಿ ಬಸದಿಗಳ ಆಡಳಿತ ನಡೆಸುವ ಹಿರಿಯರಲ್ಲಿ ಒಂದು ಬಿನ್ನಹ. ಇಂಥವನನ್ನು ಕರೆತಂದು ಅಂದೇ ತ್ಯಾಗದ ನಿಯಮ ಕೊಡಿಸುವ ಉತ್ಸಾಹ ಸಹಜವಾದುದು. ಆದರೆ ವರ್ಷಗಟ್ಟಲೆ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಸೆಳವು, ಬುದ್ಧಿಭ್ರಮಣೆ ಉಂಟಾಗಬಹುದು, ಪ್ರಾಣಕ್ಕೇ ಅಪಾಯವಾಗಬಹುದು. ಆದುದರಿಂದ ನಿಯಮಕ್ಕೆ ಮುನ್ನ ವೈದ್ಯರನ್ನು ಕಾಣಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ.

ಮನೆಯವರಾದರೋ ಮರ್ಯಾದೆಗೆ ಅಂಜಿ ಮುಚ್ಚಿಡುತ್ತಾರೆ. ಅದರಿಂದ ಅವನ ಒಂಟಿತನವೇ ಹೆಚ್ಚುತ್ತದೆ. ನಮ್ಮಲ್ಲಿ ಊಟವು ಹೊತ್ತು ಮುಳುಗುವ ಮುನ್ನವೇ ಮುಗಿಯುತ್ತದೆ. ಒಬ್ಬಂಟಿಯಾದವನಿಗೆ ಅಲ್ಲಿಂದಾಚೆಗಿನ ರಾತ್ರಿ ಬಹಳ ದೀರ್ಘ. ಆ ಹೊತ್ತಿಗೆ ನೆರೆಯವರಿಬ್ಬರು ಹೋಗಿ ಅವನ ಜಗಲಿಯಲ್ಲಿ ಕುಳಿತು, ಉಪದೇಶಕ್ಕೆ ತೊಡಗದೆ, ತೋಟದ ವಿಷಯವನ್ನೋ ಮಕ್ಕಳ ವಿಷಯವನ್ನೋ ಮಾತನಾಡಬಹುದು.