ಸೋರಿದ ತಂಪಿನ ಹೊಣೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಉಂಡೆ ಕೊಬ್ಬರಿಗೆ ತಂಪಿನ ಹಂಗಿಲ್ಲ. ಬಲಿತ ಕಾಯಿ ಸಿಪ್ಪೆ ಸಮೇತ ಅಟ್ಟದ ಮೇಲೆ ಹಲವು ತಿಂಗಳು ಕೂತು, ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು ಗಿಟುಕಾಗುತ್ತದೆ; ಮಾಮೂಲಿ ಲಾರಿಯಲ್ಲೇ ಉತ್ತರ ಭಾರತ ಸೇರುತ್ತದೆ. ಅದೇ ಮರದ ಹೊಂಬಾಳೆಯಿಂದ ಇಳಿಸಿದ ನೀರಾ ಹಾಗಲ್ಲ. ತಂಪು ತಪ್ಪಿದರೆ ಕೆಲವೇ ಗಂಟೆಗಳಲ್ಲಿ ಹುಳಿತು ಹೆಂಡವಾಗುತ್ತದೆ. ದೂರದೂರಿಗೆ ಅದು ಹೋಗಬೇಕಾದರೆ ಶೀತಲ ವಾಹನ ಬೇಕು.

ಅಂಥ ವಾಹನದಲ್ಲಿ ಶೀತಕವೆಂಬ ದ್ರವ್ಯ ಪೆಟ್ಟಿಗೆಯೊಳಗೆ ಆವಿಯಾಗುತ್ತ ಶಾಖ ಹೀರುತ್ತದೆ, ಹೊರಗೆ ಕಂಪ್ರೆಸರಿನ ಒತ್ತಡದಲ್ಲಿ ಅದನ್ನು ಬಿಟ್ಟುಕೊಡುತ್ತದೆ. ಸುತ್ತು ಮುಚ್ಚಿದ್ದೇ; ಆದರೆ ರಸ್ತೆಯ ಕುಲುಕಾಟಕ್ಕೆ, ಹಡಗಿನ ಹೊಯ್ದಾಟಕ್ಕೆ ಕೊಳವೆಯ ಬೆಸುಗೆ, ಜೋಡಣೆಗಳು ಸಡಿಲಗೊಂಡು ಅನಿಲ ಸೋರುತ್ತದೆ. ಸೋರಲೆಂದು ಯಾರೂ ಬಯಸಿದ್ದಲ್ಲ. ಬಯಸದೆ ಆದ ಕೇಡಿಗೆ ಹೊಣೆಯುಂಟೆ?

ಭಾರತದ ದರ್ಶನಗಳಿಗೆ ಇದು ಹಳೆಯ ಪ್ರಶ್ನೆ. ಸಂಕಲ್ಪವೇ ಕರ್ಮವೆಂದರು ಬೌದ್ಧರು. ಅಷ್ಟು ಸಾಲದೆಂದರು ಜೈನರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಮುಂದಿಡುತ್ತದೆ. ಪಕ್ಕದ ಹಾಸನ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಮುನಿಗಳು ಕೂರುವ ಮುನ್ನ ನವಿಲುಗರಿಯ ಪಿಂಛಿಯಿಂದ ನೆಲ ಸವರುವುದು ಈ ಎಚ್ಚರಕ್ಕಾಗಿಯೇ. ಶೀತಕಗಳ ಚರಿತ್ರೆಗೆ ಜೈನರ ಅಳತೆಗೋಲೇ ಹೆಚ್ಚು ಹೊಂದುತ್ತದೆ.

1928ರಲ್ಲಿ ಥಾಮಸ್ ಮಿಡ್ಜ್‌ಲಿ ಮತ್ತು ಸಂಗಡಿಗರು ಹುಡುಕಿದ ಕ್ಲೋರೋಫ್ಲೋರೋಕಾರ್ಬನ್ನುಗಳು ಜೀವ ಉಳಿಸಲೆಂದೇ ಬಂದವು: ಆಗ ಬಳಕೆಯಲ್ಲಿದ್ದ ಅಮೋನಿಯಾ, ಸಲ್ಫರ್ ಡೈಆಕ್ಸೈಡ್ ಉಸಿರಿಗೆ ವಿಷ. ಆದರೆ ಕ್ಲೋರೋಫ್ಲೋರೋಕಾರ್ಬನ್ನುಗಳಿಂದ ಓಜೋನ್ ಪದರಕ್ಕೆ ಕೇಡಾಗುತ್ತದೆಂದು ವಿಜ್ಞಾನಿಗಳಾದ ಮೊಲಿನಾ, ರೋಲ್ಯಾಂಡ್ ತೋರಿಸಿದ್ದು 1974ರಲ್ಲಿ. ಅಲ್ಲಿಯವರೆಗಿನದು ಅರಿಯದ ತಪ್ಪು. ಅರಿತ ಮೇಲೂ ಸೋರಲು ಬಿಟ್ಟದ್ದು ಪ್ರಮಾದ. ಓಜೋನ್ ಪದರ ಕಾಯುವ 1987ರ ಮಾಂಟ್ರಿಯಲ್ ಒಪ್ಪಂದದ ತರುವಾಯ ಹಡಗಿನ ಕಂಟೇನರುಗಳಿಗೆ ಆರ್-134ಎ, ಲಾರಿಗಳಿಗೆ ಆರ್-404ಎ ಬಂದವು. ಇವು ಓಜೋನನ್ನು ಕೆಡಿಸವು, ಭೂಮಿಯನ್ನು ಕಾಯಿಸುತ್ತವೆ: ಒಂದು ಕಿಲೋ ಆರ್-404ಎ ನೂರು ವರ್ಷಗಳ ಲೆಕ್ಕದಲ್ಲಿ ಸುಮಾರು 3,900 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಇವನ್ನೂ ತಗ್ಗಿಸಲು ಆ ಒಪ್ಪಂದಕ್ಕೆ ಕಿಗಾಲಿ ತಿದ್ದುಪಡಿ 2016ರಲ್ಲಾಯಿತು, ಭಾರತ 2021ರಲ್ಲಿ ಅನುಮೋದಿಸಿತು. ಭಾರತ 2032ರಿಂದ ಇಂಥ ಅನಿಲಗಳನ್ನು ಇಳಿಸುತ್ತ 2047ಕ್ಕೆ ಶೇ. 85ರಷ್ಟು ತಗ್ಗಿಸಬೇಕು.

ಈಗಿನ ಆಯ್ಕೆಗಳಲ್ಲಿ ಯಾವುದೂ ನಿರ್ದೋಷಿಯಲ್ಲ. ಆರ್-452ಎ ಎಂಬ ಶೀತಕ ಆರ್-404ಎಯ ತಾಪದ ಹೊರೆಯನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸುತ್ತದೆ. ಆದರೆ ಅದರೊಂದು ಅಂಶ ವಾತಾವರಣದಲ್ಲಿ ಒಡೆದು, ನೀರಿನಲ್ಲಿ ಕರಗಿಯೂ ಬಹುಕಾಲ ನಾಶವಾಗದ ಟ್ರೈಫ್ಲೋರೋಅಸಿಟಿಕ್ ಆಮ್ಲವಾಗುತ್ತದೆ. ನೂರು ವರ್ಷದ ಹಿಂದೆ ಹಡಗುಗಳಲ್ಲಿದ್ದ ಇಂಗಾಲದ ಡೈಆಕ್ಸೈಡ್ ಮತ್ತೆ ಕಂಟೇನರುಗಳಿಗೆ ಮರಳುತ್ತಿದೆ. ಅದು 31 ಡಿಗ್ರಿ ದಾಟಿದರೆ ಎಷ್ಟು ಒತ್ತಿದರೂ ದ್ರವವಾಗದು. ಬಯಲುಸೀಮೆಯ ಬೇಸಿಗೆಯಲ್ಲಿ ಕಂಪ್ರೆಸರ್ ಹೆಚ್ಚು ದುಡಿಯಬೇಕು, ಡೀಸೆಲ್ಲೂ ಹೆಚ್ಚು. ಪ್ರೊಪೇನ್ ಹವೆಗೆ ಹಗುರ, ಆದರೆ ಬೆಂಕಿ ಹಿಡಿಯುತ್ತದೆ. ಹುಟ್ಟದವರ ಮೇಲಿದ್ದ ಅಪಾಯ ಚಾಲಕನ, ಮೆಕ್ಯಾನಿಕ್ಕಿನ ಮೇಲೆ ಬೀಳುತ್ತದೆ. ಅವರಿಗೆ ತರಬೇತಿ ಕೊಡದೆ ಪ್ರೊಪೇನ್ ತುಂಬಿಸುವುದು ಅನ್ಯಾಯ.

ಅನಿಲ ಯಾವುದೇ ಇರಲಿ, ಎಚ್ಚರ ಕಾಣುವ ಜಾಗ ರಿಪೇರಿ ಶೆಡ್ಡು. ಕೊಳವೆ ಬಿಚ್ಚುವ ಮೊದಲು ಹಳೆಯ ಅನಿಲವನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಳ್ಳಬೇಕು. ನೈಟ್ರೋಜನ್ ತುಂಬಿ, ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುವುದಿಲ್ಲವೆಂದು ನೋಡಿದ ಮೇಲಷ್ಟೇ ಹೊಸದನ್ನು ತುಂಬಬೇಕು.