ಯಾರ ಪೈಕಿ?

ಮಲೆನಾಡಿನಲ್ಲಿ ಮನುಷ್ಯನು ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುವ ವಾಡಿಕೆ ಇಲ್ಲ. ಕೊಪ್ಪದ ಬಸ್ ನಿಲ್ದಾಣದಲ್ಲಿಯೋ ಶೃಂಗೇರಿ ಮಠದ ಭೋಜನಶಾಲೆಯ ಪಂಕ್ತಿಯಲ್ಲಿಯೋ ಪಕ್ಕದಲ್ಲಿ ಕುಳಿತ ಹಿರಿಯರು ಮೊದಲು ಕೇಳುವುದು ಹೆಸರನ್ನಲ್ಲ. “ಯಾವೂರಾಯ್ತು?” ಎಂದು ಕೇಳುತ್ತಾರೆ. ಊರು ಹೇಳಿದರೆ, “ಅಲ್ಲಿ ಯಾರ ಪೈಕಿ?” ಎನ್ನುತ್ತಾರೆ. ತಂದೆಯ ಹೆಸರು, ಅದು ಸಾಲದಿದ್ದರೆ ಅಜ್ಜನ ಹೆಸರು, ಅದೂ ಸಾಲದಿದ್ದರೆ ಮನೆಯ ಕೆಳಗಿನ ಹಳ್ಳದ ಹೆಸರು ಹೇಳುವಷ್ಟರಲ್ಲಿ ಅವರಿಗೆ ಬೇಕಾದುದೆಲ್ಲ ಸಿಕ್ಕಿರುತ್ತದೆ. “ಹಾಗಾದ್ರೆ ನೀನು ಇಂಥವರ ಮೊಮ್ಮಗ ಅನ್ನು” ಎಂದು ನಮ್ಮ ಪರಿಚಯವನ್ನು ಅವರೇ ನಮಗೆ ಮಾಡಿಕೊಡುತ್ತಾರೆ. ಇಷ್ಟಾದ ಮೇಲೆ ನಮ್ಮ ಹೆಸರು ಕೇಳುವುದನ್ನು ಅವರು ಮರೆತರೂ ಆಶ್ಚರ್ಯವಿಲ್ಲ. ಅದರಿಂದ ಅವರ ತಿಳಿವಿಗೆ ಹೆಚ್ಚೇನೂ ಸೇರುವಂತಿರುವುದಿಲ್ಲ.

ಇಂಥ ಸೀಮೆಯಲ್ಲಿ ಬೆಳೆದವನು ಅಮೆರಿಕಕ್ಕೋ ಆಸ್ಟ್ರೇಲಿಯಕ್ಕೋ ಹೋಗುತ್ತಾನೆ. ಕಚೇರಿಯ ಮೊದಲ ದಿನ, ಅಥವಾ ಅಲ್ಲಿಯ ಕನ್ನಡ ಕೂಟದ ಯುಗಾದಿಯ ಸಭೆಯಲ್ಲಿ, ಎದ್ದುನಿಂತು ಎರಡು ನಿಮಿಷದಲ್ಲಿ ತನ್ನನ್ನು ಪರಿಚಯಿಸಿಕೊಳ್ಳಬೇಕೆಂದು ಅವನಿಗೆ ಹೇಳುತ್ತಾರೆ. ಹೆಸರು, ಉದ್ಯೋಗ, ಕುಟುಂಬ, ಹವ್ಯಾಸ. ಈ ನಾಲ್ಕನ್ನು ಹೇಳಿ ಕುಳಿತರೆ ಮುಗಿಯಿತು. ನೋಡುವುದಕ್ಕೆ ಇದು ಸಭಾಮರ್ಯಾದೆಯ ಒಂದು ಸಣ್ಣ ಸಂಗತಿ. ಆದರೆ ಇದರೊಳಗೆ ಒಂದು ನೀತಿಯ ಪ್ರಶ್ನೆ ಅಡಗಿದೆಯೆಂದು ನನಗೆ ತೋರುತ್ತದೆ. ಊರಿನಲ್ಲಿದ್ದಾಗ ನಮ್ಮ ವಿಷಯದಲ್ಲಿ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆ ನಮ್ಮದಾಗಿರಲಿಲ್ಲ. ಪರದೇಶದಲ್ಲಿ ಆಯ್ಕೆಯೆಲ್ಲ ನಮ್ಮದೇ. ಅಲ್ಲಿ ಒಂದು ಸುಳ್ಳನ್ನೂ ಆಡದೆ, ಬರಿಯ ಮೌನದಿಂದಲೇ ಮನುಷ್ಯನು ತನ್ನನ್ನು ಬೇರೊಬ್ಬನನ್ನಾಗಿ ಮಾಡಿಕೊಳ್ಳಬಹುದು. ಆ ಮೌನಕ್ಕೆ ಅವನಿಗೆ ಎಷ್ಟರ ಮಟ್ಟಿಗೆ ಹಕ್ಕುಂಟು?

ಹಿಂದಿನವರು ಈ ಗೊಡವೆಯೇ ಬೇಡವೆಂದು ಪರಿಚಯಕ್ಕೆ ಒಂದು ಅಚ್ಚನ್ನು ಮಾಡಿಟ್ಟಿದ್ದರು. ಶೃಂಗೇರಿಯ ಪಾಠಶಾಲೆಯ ಹುಡುಗನು ಹಿರಿಯರಿಗೆ ಅಭಿವಾದನ ಮಾಡುವುದನ್ನು ನೋಡಿದವರಿಗೆ ಅದು ಗೊತ್ತು. ಎರಡು ಕಿವಿಗಳನ್ನು ಮುಟ್ಟಿಕೊಂಡು, ಪ್ರವರದ ಋಷಿಗಳನ್ನು ಹೇಳಿ, ಗೋತ್ರವನ್ನು ಹೇಳಿ, ಸೂತ್ರವನ್ನು ಹೇಳಿ, ಓದುವ ವೇದಶಾಖೆಯನ್ನು ಹೇಳಿ, ಎಲ್ಲ ಮುಗಿದ ಮೇಲೆ ತನ್ನ ಹೆಸರನ್ನು ಹೇಳಿ ಬಾಗುತ್ತಾನೆ. ‘ನಾನು’ ಎಂಬುದಕ್ಕೆ ಸರದಿ ಬರುವುದು ಕಟ್ಟಕಡೆಗೆ. ನಮ್ಮ ಕಾಲದ ಹೆಸರುಗಳಲ್ಲಿಯೂ ಈ ಕ್ರಮವೇ ಉಳಿದುಕೊಂಡು ಬಂದಿತು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲು ಊರು, ಆಮೇಲೆ ತಂದೆ, ಕೊನೆಗೆ ತಾನು. ವಿಶ್ವಮಾನವನ ಮಾತನ್ನು ನಮಗೆ ಕಲಿಸಿದ ಕವಿ ತನ್ನ ಕಾವ್ಯನಾಮದ ಮೊದಲ ಅಕ್ಷರವನ್ನು ಒಂದು ಹಳ್ಳಿಗೆ ಬಿಟ್ಟುಕೊಟ್ಟಿದ್ದರು. ಆದರೆ ಅವರು 1904ರ ಡಿಸೆಂಬರ್ 29ರಂದು ಹುಟ್ಟಿದ್ದು ಕುಪ್ಪಳಿಯಲ್ಲಲ್ಲ; ತಾಯಿ ಸೀತಮ್ಮನವರ ತವರಾದ, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಹೆತ್ತವಳ ಊರಿಗೆ ಹೆಸರಿನಲ್ಲಿ ಒಂದು ಅಕ್ಷರದ ಜಾಗವೂ ಇಲ್ಲ. ಇದು ಕವಿಯ ತಪ್ಪಲ್ಲ, ಅಚ್ಚಿನ ತಪ್ಪು. ಹಳೆಯ ಪರಿಚಯದ ಪದ್ಧತಿಯೂ ಬೇಕಾದವರನ್ನು ಇಟ್ಟುಕೊಂಡು ಉಳಿದವರನ್ನು ಕೈಬಿಡುತ್ತಿತ್ತು ಎಂಬುದನ್ನು ನೆನಪಿಟ್ಟುಕೊಂಡು ಮುಂದಕ್ಕೆ ಹೋಗುವುದು ಒಳ್ಳೆಯದು.

ಅಷ್ಟೇ ಅಲ್ಲ. “ಯಾರ ಪೈಕಿ?” ಎಂಬ ಪ್ರಶ್ನೆ ಎಲ್ಲರ ಕಿವಿಗೂ ಒಂದೇ ರೀತಿ ಕೇಳಿಸುವುದಿಲ್ಲ. ಅಡಕೆತೋಟದ ಯಜಮಾನರ ಮೊಮ್ಮಗನಿಗೆ ಅದು ಆತ್ಮೀಯತೆಯ ಮಾತು. ಅದೇ ತೋಟದಲ್ಲಿ ಕೊನೆ ಕೊಯ್ದವನ ಮೊಮ್ಮಗನಿಗೆ ಅದು ಅಂಗಳದ ಗಡಿಯನ್ನು ತೋರಿಸುವ ಮಾತು. ಉತ್ತರ ಬಂದ ಮೇಲೆ ಒಬ್ಬನಿಗೆ ಜಗುಲಿಯ ಮೇಲೆ ಚಾಪೆ ಹಾಸುತ್ತಿದ್ದರು, ಇನ್ನೊಬ್ಬನನ್ನು ಅಂಗಳದಲ್ಲಿಯೇ ನಿಲ್ಲಿಸುತ್ತಿದ್ದರು. ಈ ಎರಡನೆಯವನು ಸಮುದ್ರ ದಾಟಿ ಹೋಗಿ, ಹೆಸರು ಉದ್ಯೋಗಗಳನ್ನಷ್ಟೇ ಹೇಳಿ ಕುಳಿತುಕೊಂಡರೆ ಅವನು ಏನನ್ನೋ ಮುಚ್ಚಿಟ್ಟನೆಂದು ಆಕ್ಷೇಪಿಸುವ ಅಧಿಕಾರ ಯಾರಿಗಿದೆ? ಬಸವಣ್ಣನವರು ಇವನು ಯಾರವನೆಂದು ಕೇಳುವ ಬಾಯನ್ನೇ ಮುಚ್ಚಿಸಬೇಕೆಂದು ಬಯಸಿ ಎಂಟುನೂರು ವರ್ಷಗಳ ಮೇಲಾಯಿತು. ಆ ಬಾಯಿ ಈಗ ವಿಮಾನ ಹತ್ತಿದೆ. ಅಮೆರಿಕದ ಸಿಯಾಟಲ್ ನಗರಸಭೆ 2023ರ ಫೆಬ್ರವರಿಯಲ್ಲಿ ಜಾತಿಯ ಕಾರಣದಿಂದ ಭೇದ ಮಾಡಬಾರದೆಂದು ಕಾಯಿದೆ ಮಾಡಿತು. ಅಂಥ ಕಾಯಿದೆ ಅಲ್ಲಿಗೆ ಬೇಕಾಯಿತು ಎಂಬುದೇ ನಾವು ಜೊತೆಯಲ್ಲಿ ಏನನ್ನು ಹೊತ್ತುಕೊಂಡು ಹೋದೆವೆಂಬುದಕ್ಕೆ ಸಾಕ್ಷಿ.

ಹೆಸರನ್ನೇ ಬದಲಿಸಿಕೊಂಡರೂ ದೋಷವೇನಿಲ್ಲ. ನರಸಿಂಹರಾಜಪುರಕ್ಕೆ ಮೊದಲು ಎಡೇಹಳ್ಳಿಯೆಂದು ಹೆಸರಿತ್ತು. 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಬಂದುಹೋದ ನೆನಪಿಗೆ ಅದು ಈ ಹೆಸರನ್ನು ತಳೆಯಿತು. ಊರು ತನ್ನ ಪರಿಚಯವನ್ನು ತಿದ್ದಿಕೊಂಡಿತೆಂದು ಯಾರೂ ಅದನ್ನು ಸುಳ್ಳುಗಾರ ಊರು ಎನ್ನಲಿಲ್ಲ. ಆ ತಾಲ್ಲೂಕಿನಲ್ಲಿಯೇ ಇನ್ನೊಂದು ಬಗೆಯವರೂ ಇದ್ದಾರೆ. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟಿದಾಗ ಹಿನ್ನೀರಿನಲ್ಲಿ ಅವರ ಮನೆ, ಗದ್ದೆ, ದೇವಸ್ಥಾನಗಳು ಮುಳುಗಿದವು. ಯಾವೂರೆಂದು ಕೇಳಿದರೆ ಅವರು ಹೇಳಬೇಕಾದುದು ನೀರಿನ ಅಡಿಯಲ್ಲಿರುವ ಒಂದು ಹೆಸರನ್ನು. ಪರದೇಶಿಯಾಗಲು ಪರದೇಶಕ್ಕೇ ಹೋಗಬೇಕೆಂಬ ನಿಯಮವೇನೂ ಇಲ್ಲ.

ಉಪನಿಷತ್ತಿನ ಸತ್ಯಕಾಮನ ಕಥೆ ಎಲ್ಲರಿಗೂ ತಿಳಿದದ್ದೇ. ಗುರು ಗೌತಮನು ಗೋತ್ರವನ್ನು ಕೇಳಿದಾಗ ಹುಡುಗನು, ನನಗೆ ಗೋತ್ರ ಗೊತ್ತಿಲ್ಲ, ನನ್ನ ತಾಯಿ ಊಳಿಗಕ್ಕಾಗಿ ಹಲವು ಕಡೆ ಅಲೆಯುತ್ತಿದ್ದಾಗ ನನ್ನನ್ನು ಪಡೆದಳಂತೆ, ಅವಳ ಹೆಸರು ಜಬಾಲೆ, ನಾನು ಸತ್ಯಕಾಮ ಜಾಬಾಲ ಎಂದು ಇದ್ದುದನ್ನು ಇದ್ದಂತೆ ಹೇಳಿದನು. ಗುರು ಮೆಚ್ಚಿದನು, ಆದರೆ ಬ್ರಾಹ್ಮಣನಲ್ಲದವನು ಹೀಗೆ ಹೇಳಲಾರನೆಂದು ಆ ಸತ್ಯಕ್ಕೂ ಒಂದು ಜಾತಿಯನ್ನು ಹಚ್ಚಿಬಿಟ್ಟನು. ಗುರುವಿನ ಮಾತಿಗಿಂತ ಶಿಷ್ಯನ ಮಾತೇ ನನಗೆ ದೊಡ್ಡದಾಗಿ ಕಾಣುತ್ತದೆ. ಗೋತ್ರವಿಲ್ಲದ ಜಾಗವನ್ನು ಅವನು ಖಾಲಿ ಬಿಡಲಿಲ್ಲ, ಸುಳ್ಳಿನಿಂದಲೂ ತುಂಬಲಿಲ್ಲ. ತಾಯಿಯ ಹೆಸರಿನಿಂದ ತುಂಬಿದನು.

ಇಂದಿನ ಗೌತಮರು ಪರದೇಶದ ದೂತಾವಾಸಗಳಲ್ಲಿ ಕುಳಿತಿದ್ದಾರೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವನಿಗೆ ಅಮೆರಿಕದ ವೀಸಾದಲ್ಲಿ ಇನ್ನೊಂದು ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಎಂದು ಬರೆದುಕೊಡುತ್ತಾರೆ. ಮೊದಲ ಹೆಸರು ತಿಳಿಯದು ಎಂದು ಅದರ ಅರ್ಥ. ಅಂಥವನು ಬ್ಯಾಂಕಿನಲ್ಲಿಯೂ ಆಸ್ಪತ್ರೆಯಲ್ಲಿಯೂ ‘ಎಫ್‌ಎನ್‌ಯು’ ಎಂದು ಕೂಗಿಸಿಕೊಳ್ಳಬೇಕಾಗುತ್ತದೆ. ಇನ್ನು ಕೆಲವರು ಮೊದಲಕ್ಷರಗಳನ್ನು ಬಿಡಿಸಿ ಬರೆದು ಊರನ್ನೋ ತಂದೆಯನ್ನೋ ಕೊನೆಗೆ ತಂದು ನಿಲ್ಲಿಸುತ್ತಾರೆ. ಆಗ ಆಫೀಸಿನವರು ಕೂಗುವುದು “ಮಿಸ್ಟರ್ ಕೊಪ್ಪ” ಎಂದು. ಇಲ್ಲವೆ ಬಾಯಲ್ಲಿ ಹೇಳುವುದಕ್ಕೂ ಇವನು ಸಂಕೋಚಪಡುತ್ತಿದ್ದ ಅಪ್ಪನ ಹೆಸರನ್ನು ಹಿಡಿದು. ನನಗೆ ಇದರಲ್ಲೊಂದು ಸೊಗಸು ಕಾಣುತ್ತದೆ. ಮಗನು ಪರಿಚಯದಲ್ಲಿ ಬಿಟ್ಟುಬಿಟ್ಟ ತಂದೆಯನ್ನು ಏನೂ ಅರಿಯದ ಪರಕೀಯರು ದಿನಕ್ಕೆ ಹತ್ತು ಸಲ ಹೆಸರಿಟ್ಟು ಕರೆಯುತ್ತಾರೆ.

ಬಿಡುವ ವಿಚಾರಕ್ಕೆ ಬಂದರೆ ಒಂದು ವ್ಯತ್ಯಾಸವನ್ನು ಗುರುತಿಸಬೇಕು. ಅವಮಾನವನ್ನು ಹೊತ್ತವನು ಅದನ್ನು ಇಳಿಸಿ ಬಂದರೆ ಅದು ಬಿಡುಗಡೆ. ಅನುಕೂಲವನ್ನು ಹೊತ್ತು ಬಂದವನು ಅದನ್ನು ಹೇಳದೆ, ತಾನು ಸ್ವಂತ ಪರಿಶ್ರಮದಿಂದ ಮೇಲೆ ಬಂದವನೆಂದು ಹೇಳಿಕೊಂಡರೆ ಅದು ಬೇರೆಯೇ ಬಗೆಯ ಮೌನ. ಅಜ್ಜನ ತೋಟ, ಅದರಲ್ಲಿ ದುಡಿದ ಆಳುಗಳು, ಕಾಲೇಜಿನ ವಂತಿಗೆಗೆ ಅಡವು ಹೋದ ತಾಯಿಯ ಬಳೆ, ತಾನು ಓದಲೆಂದು ಓದು ನಿಲ್ಲಿಸಿ ಮನೆಯಲ್ಲಿ ಉಳಿದ ಅಣ್ಣ, ಇಷ್ಟೂ ಜನ ಸೇರಿ ತಳ್ಳಿದ ಬಂಡಿಯನ್ನು ಒಬ್ಬನೇ ಎಳೆದೆನೆಂದಂತಾಯಿತು. ಇಬ್ಬರೂ ಆಡಿದ ಮಾತು ಒಂದೇ, ಬಿಟ್ಟ ಮಾತೂ ಒಂದೇ. ಒಬ್ಬನದು ನ್ಯಾಯ, ಇನ್ನೊಬ್ಬನದು ಸಾಲ ಮುಳುಗಿಸುವ ವ್ಯವಹಾರ. ನಮಗೆ ಅಂಟಿದ್ದನ್ನು ಬಿಡುವ ಹಕ್ಕು ನಮಗಿದೆ. ನಮಗೆ ಕೊಟ್ಟವರನ್ನು ಬಿಡುವ ಹಕ್ಕು ಇದೆಯೆಂದು ನಾನು ಒಪ್ಪಲಾರೆ.

ಈ ಮಾತು ಎಲ್ಲಕ್ಕಿಂತ ಹೆಚ್ಚಾಗಿ ತಾಗುವುದು ‘ಕುಟುಂಬ’ ಎಂಬ ಶಬ್ದಕ್ಕೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು, ಕೊಪ್ಪದ ಕಡೆಯವನು, ಅಮೆರಿಕಕ್ಕೆ ಹೋದ ವರುಷ ಅಲ್ಲಿಯ ಕನ್ನಡ ಕೂಟದಲ್ಲಿ ಓದಬೇಕಾಗಿದ್ದ ತನ್ನ ಪರಿಚಯದ ನಾಲ್ಕು ಸಾಲುಗಳನ್ನು ಕನ್ನಡ ತಿದ್ದಿಕೊಡಿ ಸಾರ್ ಎಂದು ಕಳುಹಿಸಿದ್ದನು. ‘ನಮ್ಮದು ನಾಲ್ವರ ಪುಟ್ಟ ಕುಟುಂಬ, ನಾನು, ನನ್ನ ಪತ್ನಿ, ಇಬ್ಬರು ಮಕ್ಕಳು’ ಎಂದಿತ್ತು. ಕನ್ನಡದಲ್ಲಿ ತಪ್ಪಿರಲಿಲ್ಲ. ತಾಯಿಯೊಬ್ಬರೇ ಊರಿನ ಮನೆಯಲ್ಲಿ ಇದ್ದಾರೆಂಬುದು ನನಗೆ ಗೊತ್ತಿತ್ತು. ಐದನೆಯವರೆಲ್ಲಿ ಎಂದಷ್ಟೇ ಬರೆದೆ. ಅವನ ಉತ್ತರ ಪ್ರಾಮಾಣಿಕವಾಗಿತ್ತು. ಇಲ್ಲಿ ಯಾರನ್ನು ಕೇಳಿದರೂ ಕುಟುಂಬವೆಂದರೆ ಇಷ್ಟೇ ಸಾರ್, ಎಂದಿದ್ದನು. ಅವನು ಹೇಳಿದ್ದು ನಿಜ. ಎಚ್‌-1ಬಿ ವೀಸಾದಲ್ಲಿ ಹೋದವನ ಜೊತೆಗೆ ಎಚ್‌-4 ವೀಸಾ ಸಿಕ್ಕುವುದು ಗಂಡ ಅಥವಾ ಹೆಂಡತಿಗೆ ಮತ್ತು 21 ವರ್ಷ ತುಂಬದ, ಮದುವೆಯಾಗದ ಮಕ್ಕಳಿಗೆ. ತಾಯಿ ಬರಬೇಕಾದರೆ ಪ್ರವಾಸಿಯಾಗಿ ಬರಬೇಕು. ವಲಸೆಯ ಇಲಾಖೆ ತನ್ನ ಲೆಕ್ಕಕ್ಕಾಗಿ ಮಾಡಿಕೊಂಡ ವ್ಯಾಖ್ಯೆ ಮನುಷ್ಯನ ಬಾಯಿಗೆ ಬಂದು, ಬಾಯಿಂದ ಮನಸ್ಸಿಗೆ ಇಳಿಯಲು ಹೆಚ್ಚು ವರ್ಷ ಬೇಕಾಗುವುದಿಲ್ಲ.

ಭಾರತದ ಆದಿಪರ್ವದಲ್ಲಿ ಕರ್ಣನಿಗೂ ಇದೇ ಪರೀಕ್ಷೆ ಬಂದಿತು. ಶಸ್ತ್ರಪ್ರದರ್ಶನದ ರಂಗದಲ್ಲಿ ಕೃಪನು ಅವನ ಕುಲವನ್ನೂ ತಂದೆತಾಯಿಗಳನ್ನೂ ಕೇಳಿದಾಗ ಅವನು ತಲೆ ತಗ್ಗಿಸಿ ಸುಮ್ಮನಾದನು. ದುರ್ಯೋಧನನು ಅಲ್ಲಿಯೇ ಅಂಗರಾಜ್ಯದ ಪಟ್ಟ ಕಟ್ಟಿ, ಹೊಸ ಪರಿಚಯವೊಂದನ್ನು ಕೈಗಿತ್ತನು. ಅಷ್ಟರಲ್ಲಿ ಅಧಿರಥನು ಬೆವರುತ್ತ, ಕೋಲೂರಿಕೊಂಡು, ನಡುಗುವ ಮೈಯಿಂದ ಸಭೆಯೊಳಕ್ಕೆ ಬಂದನು. ಆಗ ತಾನೇ ರಾಜನಾದವನಿಗೆ ಆ ಮುದುಕನನ್ನು ಕಾಣದಂತೆ ಇದ್ದುಬಿಡುವುದು ಕಷ್ಟವಾಗಿರಲಿಲ್ಲ. ಕರ್ಣನು ಬಿಲ್ಲನ್ನು ಕೆಳಗಿಟ್ಟು, ಪಟ್ಟಾಭಿಷೇಕದ ನೀರಿನಿಂದ ಇನ್ನೂ ಒದ್ದೆಯಾಗಿದ್ದ ತಲೆಯನ್ನು ಅವನಿಗೆ ಬಾಗಿಸಿದನು. ಭೀಮನು ನಕ್ಕನು. ಕುಲ ಕೇಳಿದವರ ಪ್ರಶ್ನೆಗೆ ಉತ್ತರ ಕೊಡದೆ ಇರುವುದಕ್ಕೂ, ಸಾಕಿದವನನ್ನು ಸಭೆಯ ನಡುವೆ ಒಪ್ಪಿಕೊಳ್ಳುವುದಕ್ಕೂ ವಿರೋಧವಿಲ್ಲವೆಂಬುದನ್ನು ಒಂದೇ ಗಳಿಗೆಯಲ್ಲಿ ತೋರಿಸಿದವನು ಅವನು.

ಹವ್ಯಾಸದ ವಿಚಾರವನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ‘ಓದುವುದು, ಸಂಗೀತ ಕೇಳುವುದು, ಚಾರಣ’ ಎಂದು ಎಲ್ಲರೂ ಬರೆಯುತ್ತಾರೆ. ಮಳೆಗಾಲದಲ್ಲಿ ಕಳಲೆ ಅಣಬೆಗಳನ್ನು ಹುಡುಕುತ್ತ ಕಾಡು ಸುತ್ತಿದವನು, ರಾತ್ರಿಯೆಲ್ಲ ತಾಳಮದ್ದಳೆ ಕೇಳಿ ಬೆಳಗಿನ ಜಾವ ಮನೆಗೆ ಬಂದವನು ಅದನ್ನು ಹವ್ಯಾಸವೆಂದುಕೊಂಡೇ ಇರಲಿಲ್ಲ. ಬದುಕಿನಿಂದ ಅದನ್ನು ಕತ್ತರಿಸಿ ಬೇರೆಯಾಗಿ ಇಡುವುದು ಅವನಿಗೆ ತಿಳಿಯದು. ತಾಳಮದ್ದಳೆಯ ಅರ್ಥಧಾರಿ ತನ್ನ ಪೀಠಿಕೆಯಲ್ಲಿ ಅರ್ಧಗಂಟೆ ತನ್ನ ಪರಿಚಯವನ್ನು ಹೇಳಿಕೊಳ್ಳುತ್ತಾನೆ. ರಾವಣನಾದರೂ ಅಷ್ಟೆ, ಪುಲಸ್ತ್ಯನಿಂದ ಮೊದಲು ಮಾಡಿ, ಕೈಕಸೆಯನ್ನು ನೆನೆದು, ಆಮೇಲೆ ತನ್ನ ಹತ್ತು ತಲೆಗಳಿಗೆ ಬರುತ್ತಾನೆ. ಎರಡು ನಿಮಿಷದಲ್ಲಿ ಮುಗಿಸೆಂದರೆ ಅವನಿಗೂ ಕಷ್ಟವೇ.

ಶೃಂಗೇರಿಯ ಹೆಸರೆತ್ತಿದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಶಂಕರರ ಹೆಸರಿನಲ್ಲಿ ಬಂದಿರುವ ನಿರ್ವಾಣಷಟ್ಕದಲ್ಲಿ ‘ನಾನು’ ಎಂಬುದಕ್ಕೆ ಜಾತಿಯಿಲ್ಲ, ಜನ್ಮವಿಲ್ಲ, ತಂದೆತಾಯಿಗಳಿಲ್ಲ. ತತ್ತ್ವವೇ ಹೀಗೆನ್ನುವಾಗ ಪಾಪದ ಎಂಜಿನಿಯರನ ನಾಲ್ವರ ಕುಟುಂಬವನ್ನೇಕೆ ಎಣಿಸುತ್ತೀರಿ ಎಂದು ಯಾರಾದರೂ ಕೇಳಬಹುದು. ಆದರೆ ಸಂನ್ಯಾಸಿ ತಂದೆತಾಯಿಗಳ ಜೊತೆಗೆ ಹೆಸರು, ಹಣ, ಪದವಿ ಎಲ್ಲವನ್ನೂ ಬಿಟ್ಟವನು. ನಮ್ಮವನು ಪದವಿಯನ್ನು ಮೊದಲ ಸಾಲಿನಲ್ಲಿ ಉಳಿಸಿಕೊಂಡು ತಾಯಿಯನ್ನು ಮಾತ್ರ ಬಿಟ್ಟಿದ್ದಾನೆ. ಅದ್ವೈತಕ್ಕೆ ಇಂಥ ರಿಯಾಯಿತಿ ಇಲ್ಲ. ಆ ಶಂಕರರಾದರೂ ತಾಯಿ ಆರ್ಯಾಂಬೆಯ ಕೊನೆಗಾಲಕ್ಕೆ ಕಾಲಡಿಗೆ ಮರಳಿ, ಯತಿಗೆ ಇದು ಸಲ್ಲದೆಂದು ಬಂಧುಗಳು ಕೈಬಿಟ್ಟರೂ ತಾವೇ ಸಂಸ್ಕಾರ ಮಾಡಿದರೆಂದು ಐತಿಹ್ಯವಿದೆ. ಎಲ್ಲ ಪರಿಚಯಗಳನ್ನೂ ಅಲ್ಲಗಳೆದವರು ಆ ದಿನ ಒಬ್ಬ ಹೆಂಗಸಿನ ಮಗನಾಗಿ ನಿಂತಿದ್ದರು.

ನನ್ನ ವಿದ್ಯಾರ್ಥಿ ಸಭೆಯಲ್ಲಿ ಏನು ಓದಿದನೋ ನಾನು ವಿಚಾರಿಸಲಿಲ್ಲ. ಮರುವರುಷ ಅವನ ತಾಯಿ ಆರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿದ್ದರು. ಸಂಜೆಯ ಹೊತ್ತು ಮೊಮ್ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಹೋದರೆ ಅಲ್ಲಿ ಆಂಧ್ರದ, ಗುಜರಾತಿನ ಅಜ್ಜಿಯರು ಬೆಂಚಿನ ಮೇಲೆ ಕುಳಿತಿರುತ್ತಿದ್ದರಂತೆ. ಇವರು ಅರೆಬರೆ ಹಿಂದಿಯಲ್ಲಿ ತಮ್ಮ ಪರಿಚಯ ಹೇಳಿಕೊಳ್ಳುವುದನ್ನು ಮಗ ಒಂದು ದಿನ ಹಿಂದೆ ನಿಂತು ಕೇಳಿದನು. ಮಗನ ಹೆಸರು ಹೇಳಿ, ಅವನ ತಾಯಿ ನಾನು ಎಂದರು, ಮೊಮ್ಮಕ್ಕಳ ಹೆಸರು ಹೇಳಿ, ಇವರ ಅಜ್ಜಿ ಎಂದರು, ಅಲ್ಲಿಗೆ ಮುಗಿಯಿತು. ಮನೆಗೆ ಬರುವಾಗ ದಾರಿಯಲ್ಲಿ, “ಅಮ್ಮಾ, ನಿನ್ನ ಹೆಸರೇ ಹೇಳ್ಲಿಲ್ಲವಲ್ಲ” ಎಂದು ಕೇಳಿದನಂತೆ.

“ಅದು ಯಾರಿಗೆ ಬೇಕಾಗಿತ್ತು ಮಾರಾಯ?” ಎಂದರಂತೆ ಅವರು.